ಸತ್ಯವೇದ ಯಾರದು?

ಯೇಸುವನ್ನು ನಂಬಿದ ದಲಿತನಿಗೆ ಮೂರು ಕಡೆ ಮೂರು ಮಾತು ಕಾದು ನಿಂತಿರುತ್ತವೆ. ತಹಸೀಲ್ದಾರ್ ಕಚೇರಿಗೆ ಹೋದರೆ, "ನೀ ಕ್ರಿಶ್ಚಿಯನ್ ಅಲ್ಲೇನು? ಮತ್ತ ಎಸ್ಸಿ ಸರ್ಟಿಫಿಕೇಟ್ ಹೆಂಗ ಕೇಳ್ತಿ?" ಚರ್ಚಿಗೆ ಹೋದರೆ, "ಕ್ರಿಸ್ತನೊಳಗ ಜಾತಿ ಇಲ್ಲಪ್ಪ. ಹೊಲೆಯ ಮಾದಿಗ ಅಂತ ಇಲ್ಲಿ ಯಾಕ ಎತ್ತತಿ?" ನಮ್ಮದೇ ಚಳವಳಿಯ ಸಭೆಗೆ ಬಂದರೆ ಪಕ್ಕದಲ್ಲಿ ಕುಂತ ಸಂಗಾತಿಯೇ ಚುಚ್ಚುತ್ತಾನೆ. "ನೀವು ಪಾದ್ರಿ ಬೆನ್ನ ಹತ್ತಿದವರು. ಬಾಬಾಸಾಹೇಬರ ದಾರಿ ಬಿಟ್ಟವರು. ನಿಮಗೂ ನಮಗೂ ಏನು ಸಂಬಂಧ?"

ಮೂರೂ ಕಡೆ ಕೇಳುವುದು ಒಂದೇ ಪ್ರಶ್ನೆ: ನೀನು ಯಾರು? ಮೂರೂ ಕಡೆಯವರು ಉತ್ತರವನ್ನು ತಾವೇ ಮೊದಲು ಬರೆದಿಟ್ಟುಕೊಂಡಿದ್ದಾರೆ. ನಾವು ಸಹಿ ಹಾಕುವುದಷ್ಟೇ ಬಾಕಿ.

ನಾನು ಇಲ್ಲಿ ಹೇಳುವುದು ಇಷ್ಟು. ನೀನು ಯಾರು ಎಂಬ ಪ್ರಶ್ನೆಗೆ ಸತ್ಯವೇದ ದಲಿತನಿಗೆ ಒಂದು ಉತ್ತರ ಕೊಡುತ್ತದೆ. ಆ ಉತ್ತರವನ್ನು ಯಾವ ಕಚೇರಿಯೂ ರದ್ದು ಮಾಡಲಾರದು. ಆದರೆ ಅದು ಸಿಗಬೇಕಾದರೆ ಆ ಪುಸ್ತಕವನ್ನು ನಮ್ಮ ಕೇರಿಯಲ್ಲಿ ಕುಂತು ನಾವೇ ಓದಬೇಕು. ಬೇರೆಯವರು ಓದಿ, ಬೇರೆಯವರು ಅರ್ಥ ಹೇಳಿದರೆ ಅದೇ ಪುಸ್ತಕ ನಮ್ಮನ್ನು ಮಲಗಿಸುವ ಜೋಗುಳವಾಗುತ್ತದೆ. ಎರಡೂ ಆಗಿವೆ. ಎರಡನ್ನೂ ನೋಡೋಣ.

ಅಕ್ಷರದ ಬಾಗಿಲು

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಸಾಲಿಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ ಹುಡುಗ ಅರ್ಜಿ ಕೊಟ್ಟ. ಸಾಲಿ ಒಲ್ಲೆ ಅಂದಿತು. ಹುಡುಗ ಬಿಡಲಿಲ್ಲ, ಮುಂಬಯಿ ಸರಕಾರಕ್ಕೇ ಬರೆದ. ಸರಕಾರದ ಉತ್ತರ ಏನು ಗೊತ್ತೆ? ನ್ಯಾಯ ಹುಡುಗನ ಕಡೆಯೇ ಐತಿ, ಆದರೆ ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಸಾಲಿ ಬಿಟ್ಟು ಹೋಗುತ್ತಾರೆ, ಆದ್ದರಿಂದ ಬೇಡ. ಬಾಬಾಸಾಹೇಬರು ಈ ಹುಡುಗನ ಸಂಗತಿಯನ್ನು ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ. ನ್ಯಾಯ ನಿನ್ನ ಕಡೆ, ಬಾಗಿಲು ಅವರ ಕಡೆ! ನಮ್ಮ ಸೀಮೆಯ ಅಕ್ಷರದ ಇತಿಹಾಸ ಹೀಗೆ ಸುರುವಾಗುತ್ತದೆ.

ಅದೇ ಧಾರವಾಡದಲ್ಲಿ 1837ರಿಂದ ಬಾಸೆಲ್ ಮಿಶನ್ ಇತ್ತು. 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ. ಅದಕ್ಕೂ ಮೊದಲೇ ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ತಂದ ಸತ್ಯವೇದ 1831ರಲ್ಲಿ ಪೂರ್ತಿ ಅಚ್ಚಾಗಿ ಬಂದಿತ್ತು. ಮಿಶನ್ನಿನವರೇನು ದೇವದೂತರಲ್ಲ. ಕಂಪನಿ ಸರಕಾರದ ನೆರಳಲ್ಲಿ ಬಂದವರು, ಆತ್ಮಗಳ ಲೆಕ್ಕ ಇಟ್ಟವರು. ಆದರೆ ಅವರ ಪಂಥದ ಒಂದು ಕಟ್ಟಳೆ ನಮ್ಮ ಉಪಯೋಗಕ್ಕೆ ಬಂತು. ನಂಬಿದವನು ಶಾಸ್ತ್ರವನ್ನು ತಾನೇ ಓದಬೇಕು ಎಂಬುದೇ ಆ ಕಟ್ಟಳೆ. ಯಾವ ಕುಲದವನು ಶಾಸ್ತ್ರ ಕೇಳಿದರೆ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಈ ದೇಶದ ಧರ್ಮಶಾಸ್ತ್ರ ಬರೆದಿಟ್ಟಿತ್ತೋ ಅದೇ ಕುಲದವನ ಕೈಗೆ ಇವರು ಶಾಸ್ತ್ರ ಕೊಟ್ಟು ಓದು ಅಂದರು. ಅದೂ ಕನ್ನಡದಲ್ಲಿ. ಸಂಸ್ಕೃತ ಬೇಡ, ಐನೋರು ಬೇಡ, ನಡುವೆ ಯಾರೂ ಬೇಡ.

ಬೀದರ ಕಡೆಗೆ ಹೋಗಿ ನೋಡಿರಿ. ಅಲ್ಲಿ ಹಳ್ಳಿಹಳ್ಳಿಯ ಮೆಥೋಡಿಸ್ಟ್ ಸಭೆಗಳಲ್ಲಿ ಕೂಡುವವರು ಹೆಚ್ಚಾಗಿ ನಮ್ಮ ಹೊಲೆಯರು, ಮಾದಿಗರು. ಅವರು ಗೋದಿಗಾಗಿ ಹಾಲಿನಪುಡಿಗಾಗಿ ಹೋದರು ಎಂದು ನಗುವವರಿದ್ದಾರೆ. ಹೊಟ್ಟೆಗೆ ಇಲ್ಲದವನು ಗೋದಿ ತಗೊಂಡರೆ ಅದರಲ್ಲಿ ನಾಚಿಕೆ ಯಾರಿಗೆ? ಹಸಿವು ಇಟ್ಟವರಿಗೋ, ಉಂಡವರಿಗೋ? ಗೋದಿ ಮುಗಿದು ಎಷ್ಟೋ ವರ್ಷ ಆಯಿತು. ಅವರು ಇನ್ನೂ ಅಲ್ಲೇ ಕೂಡುತ್ತಾರೆ, ಹಾಡುತ್ತಾರೆ, ಓದುತ್ತಾರೆ. ಹಂಗಾದರ ಅವರಿಗೆ ಅಲ್ಲಿ ಗೋದಿಗಿಂತ ದೊಡ್ಡದು ಏನೋ ಸಿಕ್ಕಿರಬೇಕಲ್ಲ?

ಆಯಿ ಕೇಳಿದ ಪ್ರಶ್ನೆ

ನನ್ನ ಆಯಿಗೆ ಓದು ಬಾರದು. ರಾತ್ರಿ ಉಂಡಾದ ಮೇಲೆ ನನ್ನ ಕೈಗೆ ಸತ್ಯವೇದ ಕೊಟ್ಟು, "ಓದಪ್ಪ ತಮ್ಮಾ" ಅನ್ನುತ್ತಿದ್ದಳು. ನಾನು ಓದುವುದು, ಆಕೆ ನಡುನಡುವೆ ತಡೆದು ಕೇಳುವುದು. ಒಂದು ಸಲ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ಬಂತು. ಸಮಾರ್ಯದ ಹೆಂಗಸು ಬಾವಿಗೆ ನೀರಿಗೆ ಬರುತ್ತಾಳೆ. ಯೇಸು ದಣಿದು ಬಾವಿ ದಂಡೆಗೆ ಕುಂತಿದ್ದಾನೆ. ಹೊತ್ತು ಮಧ್ಯಾಹ್ನ ಎಂದು ಬರೆದಿದೆ.

ಆಯಿ ಅಲ್ಲೇ ತಡೆದಳು. "ಮಟಮಟ ಮಧ್ಯಾಹ್ನ ಯಾವಾಕಿ ನೀರಿಗೆ ಬರ್ತಾಳ?"

ನಾನು ಬಿ.ಎ. ಓದುತ್ತಿದ್ದವನು, ಸುಮ್ಮನೆ ಕುಂತೆ. ಆಕೆಯೇ ಹೇಳಿದಳು: "ಮುಂಜಾನೆ ಊರವರು ಇರ್ತಾರ. ಅವರು ತುಂಬಿಕೊಂಡು ಹ್ವಾದ ಮ್ಯಾಲ ಈಕಿ ಬರಬೇಕು. ಬಿಸಲಾಗ ಬಂದಾಕಿ ನಮ್ಮಾಕಿನೇ."

ಗೆಳೆಯರೆ, ದೊಡ್ಡ ದೊಡ್ಡ ವ್ಯಾಖ್ಯಾನ ಬರೆದ ಪಂಡಿತರು ಆ ಮಧ್ಯಾಹ್ನಕ್ಕೆ ಆಕೆಯ ಐದು ಗಂಡಂದಿರ ಕಾರಣ ಕೊಟ್ಟು, ನಡತೆಗೆಟ್ಟವಳು, ಆದ್ದರಿಂದ ಜನರಿಗೆ ಮುಖ ತೋರಿಸಲಾರದೆ ಬಂದಳು ಎಂದು ಬೋಧಿಸುತ್ತ ಬಂದಿದ್ದಾರೆ. ಬಾವಿಯಿಂದ ನೀರು ಸೇದಲು ಬಿಡದ ಊರಿನಲ್ಲಿ ಬಾಳಿದ ಆಯಿಗೆ ಆ ಹೊತ್ತಿನ ಅರ್ಥ ಬೇರೆಯಾಗಿ ಹೊಳೆಯಿತು. ಸಮಾರ್ಯದವರ ಪಾತ್ರೆಯನ್ನು ಯೆಹೂದ್ಯರು ಬಳಸುತ್ತಿರಲಿಲ್ಲ ಎಂದು ಆ ಅಧ್ಯಾಯವೇ ಸೂಚಿಸುತ್ತದೆ. ಹೋಟೆಲಿನಲ್ಲಿ ಬೇರೆ ಕಪ್ಪು ಬಸಿಯಲ್ಲಿ ಚಹಾ ಕುಡಿದವನಿಗೆ ಇದಕ್ಕೆ ಅಡಿಟಿಪ್ಪಣಿ ಬೇಕೆ?

ಅಲ್ಲಿ ಮುಂದೆ ಏನಾಗುತ್ತದೆ ನೋಡಿರಿ. ನಮ್ಮ ಊರುಗಳಲ್ಲಿ ನಮ್ಮ ಅವ್ವಂದಿರು ಬಾವಿಯ ಕೆಳಗೆ ಕೊಡ ಇಟ್ಟು, ಯಾರಾದರೂ ಪುಣ್ಯಾತ್ಮರು ಎತ್ತರದಿಂದ ಹೊಯ್ಯಲಿ ಎಂದು ಕಾದು ನಿಂತವರು. ಇಲ್ಲಿ ಮೇಲಿನವನೇ ಕೈ ಚಾಚಿ ಆಕೆಯ ಕೊಡದ ನೀರು ಕೇಳುತ್ತಾನೆ. ಆಕೆ ಬೆರಗಾಗಿ, ನೀನು ಯಾರು, ನಾನು ಯಾರು, ನನ್ನ ಹತ್ತಿರ ಕೇಳುತ್ತೀಯಲ್ಲ ಎಂದು ಎದುರು ಮಾತಾಡುತ್ತಾಳೆ. ವಾದ ಮಾಡುತ್ತಾಳೆ. ಯಾವ ಗುಡಿಯಲ್ಲಿ ದೇವರಿದ್ದಾನೆ ಎಂಬ ಶಾಸ್ತ್ರದ ಪ್ರಶ್ನೆಯನ್ನೇ ಎತ್ತುತ್ತಾಳೆ. ಕೊನೆಗೆ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗಿ ಜನರನ್ನು ಕರೆಯುತ್ತಾಳೆ. ಬಿಸಿಲಲ್ಲಿ ತಲೆ ತಗ್ಗಿಸಿ ಬಂದವಳು ಊರ ನಡುವೆ ನಿಂತು ಮಾತಾಡುವಂತಾದಳು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದು ಬೊಗಸೆ ನೀರು ಕುಡಿದರಲ್ಲ, ಅವತ್ತು ಅವರ ಹಿಂದೆ ಇಳಿದವರಿಗೆ ಏನಾಯಿತೋ ಈ ಹೆಂಗಸಿಗೂ ಅದೇ ಆಯಿತು. ನೀರಿನ ಜೊತೆಗೆ ತಾವೂ ಮನುಷ್ಯರು ಎಂಬುದು ಸಿಕ್ಕಿತು.

ಇನ್ನೊಬ್ಬಳು ಅಜ್ಜಿ

ಹೀಗೆ ಓದಿಸಿಕೊಂಡ ಅಜ್ಜಿ ನಮ್ಮ ಆಯಿ ಒಬ್ಬಳೇ ಅಲ್ಲ. ಅಮೆರಿಕದ ಕಪ್ಪು ಜನರ ಚಿಂತಕ ಹೊವಾರ್ಡ್ ಥರ್ಮನ್ ಬರೆದ 'ಜೀಸಸ್ ಅಂಡ್ ದಿ ಡಿಸ್‌ಇನ್‌ಹೆರಿಟೆಡ್' ಎಂಬ ಸಣ್ಣ ಪುಸ್ತಕ 1949ರಲ್ಲಿ ಬಂತು. ಅದರಲ್ಲಿ ಅವರ ಅಜ್ಜಿಯ ಮಾತು ಬರುತ್ತದೆ. ಆಕೆ ಗುಲಾಮಳಾಗಿ ಹುಟ್ಟಿದವಳು, ಓದು ಬಾರದವಳು. ಮೊಮ್ಮಗನಿಂದ ಬೈಬಲ್ ಓದಿಸಿ ಕೇಳುವಳು. ಆದರೆ ಪೌಲನ ಪತ್ರಗಳನ್ನು ಮಾತ್ರ ಓದಗೊಡುತ್ತಿರಲಿಲ್ಲ, ಪ್ರೀತಿಯ ಮೇಲಿನ ಒಂದು ಅಧ್ಯಾಯ ಬಿಟ್ಟು. ಯಾಕೆ? ಗುಲಾಮಗಿರಿಯ ದಿನಗಳಲ್ಲಿ ಧಣಿಯ ಪಾದ್ರಿ ಬಂದು ಮತ್ತೆ ಮತ್ತೆ ಓದುತ್ತಿದ್ದುದು ಪೌಲನ ಆ ಭಾಗ, ದಾಸರು ಧಣಿಗಳಿಗೆ ವಿಧೇಯರಾಗಿರಬೇಕು ಎಂಬ ಭಾಗ. ಬಿಡುಗಡೆ ಸಿಕ್ಕು ಓದು ಬಂದರೂ ಆ ಭಾಗ ಓದುವುದಿಲ್ಲ ಎಂದು ಆಕೆ ಆಗಲೇ ಆಣೆ ಇಟ್ಟುಕೊಂಡಿದ್ದಳಂತೆ.

ಧಣಿಗಳಿಗೆ ಈ ಪುಸ್ತಕದ ಭಯ ಎಷ್ಟಿತ್ತು ಎಂಬುದಕ್ಕೆ ಇನ್ನೊಂದು ಸಾಕ್ಷಿ ಐತಿ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗಾಗಿಯೇ ಒಂದು ಬೈಬಲ್ ಅಚ್ಚಾಯಿತು. ಅದರಲ್ಲಿ ಮೋಶೆ ಗುಲಾಮರನ್ನು ಐಗುಪ್ತದಿಂದ ಬಿಡಿಸಿಕೊಂಡು ಹೋದ ಕಥೆಯನ್ನು ಕತ್ತರಿಸಿ ತೆಗೆದಿದ್ದರು. ಸುಮ್ಮನೆ ಯಾರೂ ಕತ್ತರಿ ಹಿಡಿಯುವುದಿಲ್ಲ. ಆ ಹಾಳೆಗಳಲ್ಲಿ ಬೆಂಕಿ ಇದೆ ಎಂದು ಧಣಿಗೆ ಗೊತ್ತಿತ್ತು.

1935ರಲ್ಲಿ ಥರ್ಮನ್ ಈ ಕಡೆ ಪ್ರವಾಸ ಬಂದಾಗ ಸಿಲೋನಿನಲ್ಲಿ ಒಬ್ಬ ವಕೀಲ ಅವರನ್ನು ನಿಲ್ಲಿಸಿ ಕೇಳಿದ: ನಿಮ್ಮನ್ನು ಹಿಡಿದು ಮಾರಿದವರು ಕ್ರೈಸ್ತರು, ನೀವು ಕ್ರೈಸ್ತರಾಗಿ ಉಳಿದಿರುವುದು ಹೇಗೆ? ಆ ಪುಸ್ತಕ ಹುಟ್ಟಿದ್ದು ಆ ಪ್ರಶ್ನೆಗೆ ಉತ್ತರವಾಗಿ. ಯೇಸು ಯಾರು? ರೋಮ್ ಸಾಮ್ರಾಜ್ಯದ ಕಾಲಡಿಯ ಬಡ ಯೆಹೂದ್ಯ, ಗೋಡೆಗೆ ಬೆನ್ನು ಹಚ್ಚಿ ನಿಂತ ಜನರಲ್ಲಿ ಒಬ್ಬ ಎಂದು ಥರ್ಮನ್ ತೋರಿಸಿದರು. ಧಣಿಗಳ ಯೇಸು ಬೇರೆ, ತುಳಿಸಿಕೊಂಡವರ ಯೇಸು ಬೇರೆ.

ಬಾಬಾಸಾಹೇಬರ ಆಕ್ಷೇಪ

ನಮ್ಮ ಸಂಗಾತಿಗಳ ಮೂರನೇ ಮಾತಿಗೆ ಬರೋಣ. ಬಾಬಾಸಾಹೇಬರ ಮುಂದೆ ಕ್ರೈಸ್ತ ದಾರಿಯೂ ಇತ್ತು, ಅವರು ಅದನ್ನು ಆರಿಸಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನಿಗೆ ಶರಣಾದರು. ಇದನ್ನು ಮುಚ್ಚಿಟ್ಟು ನಾವು ಮಾತಾಡಬಾರದು.

1938ರಲ್ಲಿ ಅವರು ಸೊಲ್ಲಾಪುರಕ್ಕೆ ಬಂದು ಕ್ರೈಸ್ತರ ಸಭೆಯಲ್ಲಿ ಮಾತಾಡಿದರು. ನಮ್ಮ ಮುಳವಾಡದ ಸ್ಟೇಶನ್ನಿನ ಮುಂದೆ ಹಾಯುವ ಹಳಿ ಹೋಗಿ ಮುಟ್ಟುವುದು ಅದೇ ಸೊಲ್ಲಾಪುರದ ಸೀಮೆಯನ್ನು. ಮತಾಂತರದ ವಿಚಾರ ಬಂದಾಗ ತಮ್ಮ ಮನಸ್ಸನ್ನು ಸೆಳೆದವರು ಇಬ್ಬರೇ, ಬುದ್ಧ ಮತ್ತು ಕ್ರಿಸ್ತ ಎಂದು ಅಲ್ಲಿ ಹೇಳಿದರು. ಹೇಳಿ ಅಲ್ಲಿಗೇ ಬಿಡಲಿಲ್ಲ. ದಕ್ಷಿಣದ ಚರ್ಚುಗಳು ಜಾತಿ ಪಾಲಿಸುವುದನ್ನೂ, ಕ್ರೈಸ್ತರು ರಾಜಕೀಯವಾಗಿ ಹಿಂದೆ ಬಿದ್ದಿರುವುದನ್ನೂ ಮುಖದ ಮೇಲೆ ಹೇಳಿದರು. ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಅವರು ಬರೆದದ್ದು ಇನ್ನೂ ಕಟುವಾಗಿದೆ. ನಿನ್ನ ಪತನಕ್ಕೆ ನಿನ್ನ ಪಾಪ ಕಾರಣ ಎಂದು ಪಾದ್ರಿ ಕಲಿಸಿದ, ಈ ಸಮಾಜ ಕಾರಣ ಎಂದು ಕಲಿಸಲಿಲ್ಲ, ಆದ್ದರಿಂದ ಮತಾಂತರಗೊಂಡ ಅಸ್ಪೃಶ್ಯ ಅನ್ಯಾಯದ ವಿರುದ್ಧ ಏಳಲಿಲ್ಲ ಎಂಬುದು ಅವರ ಆರೋಪ.

ಆರೋಪ ನಿಜ. ನೂರಕ್ಕೆ ನೂರು ನಿಜ. ಹೊಲದಲ್ಲಿ ದುಡಿಸಿಕೊಂಡು ಕೂಲಿ ಕೊಡದವನ ಪಾಪದ ಬಗ್ಗೆ ಎಷ್ಟು ಪ್ರಸಂಗ ಕೇಳಿದ್ದೀರಿ? ಬೀಡಿ ಸೇದುವುದು, ಸಿನಿಮಾ ನೋಡುವುದು ಪಾಪ. ಕೇರಿಗೆ ನೀರು ಬಿಡದೆ ಇರುವುದು ಯಾವ ಪಾಪ? ಈಗಂತೂ ಮೊಬೈಲಿನಲ್ಲಿ ಹೊಸ ಬೋಧಕರು ಬಂದಿದ್ದಾರೆ. ಕಾಣಿಕೆ ಹಾಕು, ಕಾರು ಬರ್ತದ, ಮನಿ ಬರ್ತದ. ಬರದಿದ್ದರೆ ನಿನ್ನ ನಂಬಿಕೆ ಕಡಿಮೆ ಐತಿ. ಬಡವನಾಗಿರುವುದೂ ಬಡವನ ತಪ್ಪೇ!

ಆದರೆ ಬಾಬಾಸಾಹೇಬರು ಬೆರಳು ತೋರಿಸಿದ್ದು ಪೀಠದ ಮೇಲಿನ ಬೋಧನೆಗೆ. ಪುಸ್ತಕವನ್ನು ತೆರೆದರೆ ಅಲ್ಲಿ ಬೇರೆ ಸದ್ದು ಕೇಳುತ್ತದೆ. ಧರ್ಮೋಪದೇಶಕಾಂಡದ ಇಪ್ಪತ್ತಾರನೇ ಅಧ್ಯಾಯ ತೆಗೆಯಿರಿ. ಸುಗ್ಗಿಯಾದ ಮೇಲೆ ಮೊದಲ ಬೆಳೆಯನ್ನು ಬುಟ್ಟಿಯಲ್ಲಿ ಹೊತ್ತು ದೇವರ ಮುಂದೆ ಬಂದವನು ಬಾಯಿಬಿಟ್ಟು ತನ್ನ ವಂಶದ ಕಥೆ ಹೇಳಬೇಕು. ತನ್ನ ಹಿರಿಯ ಅಲೆಮಾರಿಯಾಗಿದ್ದ, ಪರದೇಶದಲ್ಲಿ ಗುಲಾಮನಾದ, ಅವರು ನಮ್ಮನ್ನು ಗೋಳಾಡಿಸಿದರು, ನಾವು ಕೂಗಿದೆವು, ದೇವರು ಆ ಕೂಗು ಕೇಳಿದ. ಪಾಪ ಮಾಡಿದೆ ಎಂದು ಅಲ್ಲಿ ಹೇಳಿಸುವುದಿಲ್ಲ. ನಮ್ಮನ್ನು ತುಳಿದರು ಎಂದು ಹೇಳಿಸುತ್ತಾರೆ. ಅದೇ ಆ ಜನರ ವಿಶ್ವಾಸದ ಪ್ರಮಾಣ. ತಮ್ಮ ಗುಲಾಮಗಿರಿಯನ್ನು ನಾಚಿಕೆ ಎಂದು ಹೂಳದೆ ದೇವರ ಮುಂದೆ ಎತ್ತಿ ಹಿಡಿದ ಜನ ಅವರು.

ಈ ಹಾಳೆಯನ್ನು ನಮ್ಮವರಿಗಾಗಿ ಓದಿ ತೋರಿಸಿದವರು ಅರವಿಂದ ನಿರ್ಮಲ್. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅವರು ಶೂದ್ರ ದೇವಶಾಸ್ತ್ರ ಎಂಬ ಮಾತೆತ್ತಿ ಭಾಷಣ ಮಾಡಿದರು. ದಲಿತ ದೇವಶಾಸ್ತ್ರ ಎಂದು ಇಂದು ಲೋಕವೆಲ್ಲ ಓದುವ ವಿಚಾರದ ಬೀಜ ಅಲ್ಲಿ ಬಿತ್ತು. ಮುಂದೆ ಅವರು ಇದೇ ಇಪ್ಪತ್ತಾರನೇ ಅಧ್ಯಾಯ ಹಿಡಿದು, ದಲಿತನೂ ತನ್ನ ಹಿರಿಯರ ಕಥೆಯನ್ನು ಹೀಗೇ ಬಾಯಿಬಿಟ್ಟು ಹೇಳಬೇಕು, ಅಲೆಮಾರಿಗೆ ಇದ್ದಷ್ಟು ಸ್ವಾತಂತ್ರ್ಯವೂ ನಮ್ಮ ಹಿರಿಯನಿಗೆ ಇರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು ಎಂದರು. ಅದುವರೆಗೆ ಇಲ್ಲಿಯ ದೇವಶಾಸ್ತ್ರಜ್ಞರು ಏಸುವನ್ನು ವೇದಾಂತದ ಭಾಷೆಯಲ್ಲಿ ಬ್ರಾಹ್ಮಣರಿಗೆ ಒಪ್ಪಿಸುವ ಕೆಲಸದಲ್ಲಿದ್ದರು. ಸಭೆಯಲ್ಲಿ ಕುಂತವರು ಯಾರು ಎಂದು ತಿರುಗಿ ನೋಡಿರಲಿಲ್ಲ.

ಬಟ್ಟಲು ಒಂದೇ, ಬೀಗತನ ಬೇರೆ

ಚರ್ಚಿನ ಹಿರಿಯರ ಮಾತಿಗೂ ಒಂದು ಉತ್ತರ ಬೇಕು. ಕ್ರಿಸ್ತನಲ್ಲಿ ಜಾತಿ ಇಲ್ಲ. ಸರಿ. ಚರ್ಚಿನಲ್ಲಿ? ಕರ್ತನ ಭೋಜನಕ್ಕೆ ಬಟ್ಟಲು ಒಂದೇ, ಹೆಣ್ಣು ಕೊಡುವಾಗ ತರುವಾಗ ಕೇರಿ ಬೇರೆ ಬೇರೆ. ಹೊಲೆಯ ಕ್ರೈಸ್ತ ಮಾದಿಗ ಕ್ರೈಸ್ತನಿಗೆ ಹೆಣ್ಣು ಕೊಡಲು ಎಷ್ಟು ಸಲ ಪ್ರಾರ್ಥನೆ ಮಾಡಬೇಕೋ! ಜಾತಿಯ ಹೆಸರು ಎತ್ತಬೇಡಿರಿ ಅನ್ನುವವರು ಜಾತಿಯನ್ನು ಬಿಡಿರಿ ಅನ್ನುವುದಿಲ್ಲ.

ಇದಕ್ಕೂ ಉತ್ತರ ಪುಸ್ತಕದಲ್ಲೇ ಐತಿ. ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ. ಅಂತಿಯೋಕ್ಯದಲ್ಲಿ ಪೇತ್ರ ಹೊರಗಿನ ಜನಾಂಗದವರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಮಡಿವಂತರು ಬಂದ ಕೂಡಲೆ ಅಂಜಿ ಮೆಲ್ಲಗೆ ಎದ್ದು ಬೇರೆ ಕುಂತ. ಪೌಲ ಎಲ್ಲರ ಮುಂದೆ ಅವನ ಮುಖಕ್ಕೇ ಹೇಳಿ ಝಾಡಿಸಿದ. ಪೇತ್ರ ಅಂದರೆ ಸಾಮಾನ್ಯನೆ? ಸಭೆಯ ಬಂಡೆಗಲ್ಲು! ಸಹಪಂಕ್ತಿಯ ಪ್ರಶ್ನೆಯಲ್ಲಿ ಅವನನ್ನೂ ಬಿಡಲಿಲ್ಲ. ಧಣಿಗಳ ಪಾದ್ರಿಗೆ ವಿಧೇಯತೆಯ ಪಾಠ ಒದಗಿಸಿದ ಅದೇ ಪೌಲನ ಹೆಸರಿನ ಪತ್ರಗಳಲ್ಲಿ ಈ ಜಗಳವೂ ಇದೆ. ಯಾವ ಹಾಳೆಯನ್ನು ಯಾರು ತೆರೆಯುತ್ತಾರೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಸಭೆ ಕೆಟ್ಟಿದ್ದರೆ ಸುವಾರ್ತೆಯೂ ಕೆಟ್ಟಿತೆ ಎಂದು ಕೇಳುವವರಿಗೆ ನಮ್ಮ ಸೀಮೆಯ ಉದಾಹರಣೆ ಸಾಕು. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಊರಿಗೆ ದೂರವಲ್ಲ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತು ಎಂದು ನಮ್ಮ ಜನ ಇವತ್ತಿಗೂ ಹೇಳುತ್ತಾರೆ. ಆ ಹರಳಯ್ಯನ ಕುಲದವರನ್ನು ಮುಂದೆ ಎಷ್ಟು ಮಠಗಳು ಪಂಕ್ತಿಯಲ್ಲಿ ಕೂರಿಸಿಕೊಂಡವು? ಹಾಗೆಂದು ವಚನ ಸುಳ್ಳಾಯಿತೆ? ವಚನವನ್ನು ಮಠದ ಕೈಯಿಂದ ಬಿಡಿಸಿಕೊಂಡು ಓದಬೇಕು ಅನ್ನುತ್ತೇವೆ. ಸತ್ಯವೇದಕ್ಕೂ ಅದೇ ನ್ಯಾಯ.

ಎರಡು ಹೆಸರು

ಈಗ ಮೊದಲನೇ ಪ್ರಶ್ನೆ, ಕಚೇರಿಯ ಪ್ರಶ್ನೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪರಿಚ್ಛೇದ ಹಿಂದೂ ಅಲ್ಲದವನನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತಂದರು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬಾತ, ಚಪ್ಪಲಿ ಹೊಲಿಯುವವರಿಗೆ ಸರಕಾರ ಪುಕ್ಕಟೆ ಕೊಟ್ಟ ಅಂಗಡಿಪೆಟ್ಟಿಗೆ ತನಗೆ ಯಾಕಿಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋದ. ಮತಾಂತರದ ಮೇಲೂ ಅಷ್ಟೇ ಹೀನಸ್ಥಿತಿ ಇದೆ ಎಂಬುದಕ್ಕೆ ಪುರಾವೆ ಸಾಲದು ಎಂದು 1985ರಲ್ಲಿ ತೀರ್ಪಾಯಿತು. ಅದೇ ರಸ್ತೆ, ಅದೇ ಅರಿಗಳ, ಅದೇ ತೊಗಲು. ಪುರಾವೆ ಇನ್ನೇನು ಬೇಕಿತ್ತು?

ಧರ್ಮ ನೋಡದೆ ಪರಿಶಿಷ್ಟ ಜಾತಿಯ ಸ್ಥಾನ ಕೊಡಬೇಕೆಂದು 2007ರಲ್ಲಿ ರಂಗನಾಥ ಮಿಶ್ರ ಆಯೋಗ ಶಿಫಾರಸು ಮಾಡಿತು. 2022ರ ಅಕ್ಟೋಬರಿನಲ್ಲಿ ಮತ್ತೆ ಇದೇ ಪ್ರಶ್ನೆಗೆ ಬಾಲಕೃಷ್ಣನ್ ಆಯೋಗ ನೇಮಕವಾಯಿತು, ಅದರ ಅವಧಿ ಮತ್ತೆ ಮತ್ತೆ ಮುಂದೆ ಹೋಯಿತು. 2025ರಲ್ಲಿ ಆಂಧ್ರ ಹೈಕೋರ್ಟು, ಕ್ರೈಸ್ತನಾದವನು ದೌರ್ಜನ್ಯ ತಡೆ ಕಾಯ್ದೆಯ ಆಸರೆ ಕೇಳುವಂತಿಲ್ಲ ಅಂದಿತು. ಹೊಡೆಯುವವನು ಮೊದಲು ದೀಕ್ಷಾಸ್ನಾನದ ರಿಜಿಸ್ಟರ್ ನೋಡಿ ಹೊಡೆಯುತ್ತಾನೇನು?

ನಮ್ಮ ರಾಜ್ಯದಲ್ಲೇ 2025ರ ಸೆಪ್ಟೆಂಬರ್ ಸಮೀಕ್ಷೆ ನೆನಪಿರಲಿ. ಹಿಂದುಳಿದ ವರ್ಗಗಳ ಆಯೋಗದ ಪಟ್ಟಿಯಲ್ಲಿ ಮಾದಿಗ ಕ್ರಿಶ್ಚಿಯನ್, ಹೊಲೆಯ ಕ್ರಿಶ್ಚಿಯನ್ ಎಂಬಂಥ ಹೆಸರುಗಳು ಕಂಡ ಕೂಡಲೆ ಗದ್ದಲ ಎದ್ದಿತು. ಆ ಹೆಸರುಗಳನ್ನು ಪಟ್ಟಿಯಿಂದ ಮರೆಮಾಡಿದರು. ಇರುವ ಮನುಷ್ಯನನ್ನು ಇಲ್ಲ ಅನ್ನಿಸುವುದು ಎಷ್ಟು ಸುಲಭ ನೋಡಿರಿ.

ಇದರಿಂದ ನಮ್ಮ ಮಕ್ಕಳಿಗೆ ಎರಡು ಹೆಸರು. ಚರ್ಚಿನಲ್ಲಿ ಸಮುವೇಲ, ಸಾಲಿಯಲ್ಲಿ ಸಂತೋಷ. ಮನೆಯಲ್ಲಿ ಮಾರ್ಥಾ, ಹಾಜರಿಯಲ್ಲಿ ಮಂಜುಳಾ. ಇದು ಮೋಸ ಎಂದು ಬೆರಳು ತೋರಿಸುವವರಿದ್ದಾರೆ. ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ದೇವರನ್ನು ಇಟ್ಟು ಒಂದನ್ನೇ ಆರಿಸಿಕೋ ಎಂದು ಬಡವನನ್ನು ಹೆದರಿಸುವ ಕಾನೂನು ಮೋಸವಲ್ಲವೆ? ಹಿಂದೆ ಊರಗೌಡರು ನಮಗೆ ಕರಿಯ, ಕಲ್ಲ, ತಿಪ್ಪ ಎಂದು ಹೆಸರಿಟ್ಟರು. ಈಗ ಹೆಸರನ್ನೇ ಬಚ್ಚಿಡಬೇಕಾಗಿದೆ.

ಹೋಶೇಯ ಪ್ರವಾದಿಯ ಪುಸ್ತಕದಲ್ಲಿ ಒಂದು ಮಗು ಬರುತ್ತದೆ. ನನ್ನ ಜನವಲ್ಲ ಎಂಬುದೇ ಅದರ ಹೆಸರು. ಯಾವ ತಾಯಿ ಹೀಗೆ ಕರೆದಾಳು! ಆದರೆ ಮುಂದೆ ಅದೇ ಪುಸ್ತಕದಲ್ಲಿ ದೇವರು ಆ ಹೆಸರನ್ನು ತಿರುಗಿಸಿ, ನೀವೇ ನನ್ನ ಜನ ಅನ್ನುತ್ತಾನೆ. ಆ ಹೆಸರು ಬದಲಾದದ್ದು ಯಾವ ಗೆಜೆಟ್ಟಿನಲ್ಲೂ ಬರಲಿಲ್ಲ, ಅದನ್ನು ಕಿತ್ತುಕೊಳ್ಳಲು ಯಾವ ಗೆಜೆಟ್ಟಿಗೂ ಆಗುವುದಿಲ್ಲ. ಹಾಗೆಂದು ಸರ್ಟಿಫಿಕೇಟ್ ಬೇಡವೆಂದಲ್ಲ. ದೇವರು ಕೊಟ್ಟ ಹೆಸರು ಎದೆಯಲ್ಲಿದ್ದವನೇ ಸರಕಾರದ ಮುಂದೆ ಗಟ್ಟಿಯಾಗಿ ಹಕ್ಕು ಕೇಳಬಲ್ಲ. ತನ್ನನ್ನು ತಾನೇ ಕೀಳೆಂದು ನಂಬಿದವನು ಬೇಡುತ್ತಾನೆ.

ಆತ್ಮ ಬೆಳೆಯುವುದೆಂದರೆ

ಆತ್ಮಿಕ ಬೆಳವಣಿಗೆ ಎಂಬ ಮಾತು ಕೇಳಿದರೆ ನಮ್ಮ ಕೆಲವು ಗೆಳೆಯರು ನಗುತ್ತಾರೆ. ಹೊಟ್ಟೆಯ ಪ್ರಶ್ನೆ ಇರುವಾಗ ಆತ್ಮ ಎಲ್ಲಿಂದ ಬಂತು ಅನ್ನುತ್ತಾರೆ. ಆದರೆ ಸಾವಿರಾರು ವರ್ಷ ನಮ್ಮ ಹೊಟ್ಟೆಗಿಂತ ಹೆಚ್ಚು ತುಳಿದದ್ದು ಯಾವುದನ್ನು? ಮನಸ್ಸನ್ನು. ಗೌಡರ ಓಣಿಯಲ್ಲಿ ಹಾಯುವಾಗ ಕಾಲಿನ ಚಪ್ಪಲಿ ತಾನಾಗಿ ಕೈಗೆ ಬರುವಂತೆ ಮಾಡಿದ್ದು ಹೊಟ್ಟೆಯಲ್ಲ, ಒಳಗೆ ಕುಂತ ಅಂಜಿಕೆ. ಆ ಅಂಜಿಕೆ ಬಿಡುವುದೇ ಆತ್ಮದ ಮೊದಲ ಬೆಳವಣಿಗೆ.

ಮೋಶೆಗೂ ಮೊದಲು ಇದೇ ಅಂಜಿಕೆ ಇತ್ತು. ಫರೋಹನ ಮುಂದೆ ನಿಲ್ಲು ಎಂದಾಗ, ನಾನು ಎಷ್ಟರವನು, ನನಗೆ ಮಾತು ಬರುವುದಿಲ್ಲ, ಬೇರೆ ಯಾರನ್ನಾದರೂ ಕಳಿಸು ಎಂದು ಹಿಂದೆ ಸರಿದ. ದೇವರು ಅವನಿಗೆ ಸಮಾಧಾನದ ಗುಳಿಗೆ ಕೊಟ್ಟು ಮಲಗಿಸಲಿಲ್ಲ. ನಾನಿದ್ದೇನೆ ನಡೆ ಎಂದು ಅರಮನೆಗೆ ಅಟ್ಟಿದ. ಹೋಗುತ್ತ ಹೋಗುತ್ತ ತೊದಲುವವನು ನಾಯಕನಾದ.

ಎರಡನೇ ಬೆಳವಣಿಗೆ, ನಮ್ಮ ಕೆಳಗೆ ಇನ್ನೊಬ್ಬ ಬೇಕು ಎಂಬ ಆಸೆ ಸಾಯುವುದು. ನಜರೇತಿನ ಸಭಾಮಂದಿರದಲ್ಲಿ ಯೇಸು ಪ್ರವಾದಿಯ ಸುರುಳಿ ತೆರೆದು ಬಡವರ, ಸೆರೆಯವರ ಬಿಡುಗಡೆಯ ಮಾತು ಓದಿದಾಗ ಊರವರೆಲ್ಲ ತಲೆದೂಗಿದರು. ದೇವರು ಹೊರಗಿನ ಜನಾಂಗದ ವಿಧವೆಯನ್ನು, ಪರದೇಶದ ಕುಷ್ಠರೋಗಿಯನ್ನೂ ನೋಡಿದ ಎಂದು ಹೇಳಿದ್ದೇ ತಡ, ಅವರೇ ಅವನನ್ನು ಗುಡ್ಡದ ತುದಿಗೆ ನೂಕಲು ಎಳೆದುಕೊಂಡು ಹೋದರು. ನಮಗೆ ಬಿಡುಗಡೆ ಅಂದರೆ ಚಪ್ಪಾಳೆ, ನಿಮಗಿಂತ ಕೆಳಗಿನವನಿಗೂ ಅಂದರೆ ಕಲ್ಲು. 2025ರ ಆಗಸ್ಟಿನಲ್ಲಿ ಒಳಮೀಸಲಾತಿ ಹಂಚಿಕೆಯಾದಾಗ ನಮ್ಮ ನಮ್ಮೊಳಗೆ ಕೇಳಿದ ಮಾತುಗಳನ್ನು ನೆನಸಿಕೊಳ್ಳಿರಿ. ಹೊಲೆಯ, ಮಾದಿಗ, ಅಲೆಮಾರಿ ಎಂದು ಒಬ್ಬರ ತಟ್ಟೆಗೆ ಒಬ್ಬರು ಇಣುಕಿದ ದಿನಗಳವು. ಚರ್ಚಿಗೆ ಹೋಗುವವರೂ ಇದರಿಂದ ಹೊರಗಿರಲಿಲ್ಲ. ಆತ್ಮ ಎಷ್ಟು ಬೆಳೆದಿದೆ ಎಂದು ಅಳೆಯಬೇಕಾದ ಜಾಗ ಇದೇ. ಭಾನುವಾರ ಎಷ್ಟು ಹೊತ್ತು ಕಣ್ಣೀರು ಹಾಕಿದೆ ಎಂಬುದು ಅಳತೆಯಲ್ಲ.

ಮೂವರಿಗೂ

ಸರಕಾರಕ್ಕೆ: 1950ರ ಆದೇಶದ ಮೂರನೇ ಪರಿಚ್ಛೇದ ಹೋಗಬೇಕು. ಜಾತಿಯ ಗಾಯ ಧರ್ಮ ಕೇಳಿ ಆದದ್ದಲ್ಲ, ಮದ್ದಿಗೂ ಧರ್ಮ ಕೇಳಬಾರದು. ಪಾಲು ಹಂಚಿದರೆ ನಮಗೆ ಕಡಿಮೆ ಬೀಳುತ್ತದೆ ಎಂದು ಅಂಜುವ ದಲಿತ ಬಂಧುಗಳಿಗೂ ಒಂದು ಮಾತು. ಈ ಜನರ ಲೆಕ್ಕ ಹಿಡಿದು ಒಟ್ಟು ಪಾಲನ್ನೇ ಹೆಚ್ಚಿಸಿ ಎಂದು ಕೂಡಿ ಕೇಳೋಣ. ನಮ್ಮ ನಮ್ಮೊಳಗೆ ಕಿತ್ತಾಡಿದರೆ ಖುಷಿಪಡುವವರು ಯಾರು?

ಚರ್ಚಿನ ಹಿರಿಯರಿಗೆ: ಜಾತಿ ಇಲ್ಲ ಅನ್ನುವುದನ್ನು ನಿಲ್ಲಿಸಿ ಜಾತಿಯನ್ನು ನಿಲ್ಲಿಸಿರಿ. ಹೊಲೆಯ ಮಾದಿಗರ ಮದುವೆಗಳನ್ನು ಮುಂದೆ ನಿಂತು ಮಾಡಿಸಿರಿ. ಕೇರಿಯ ಮೇಲೆ ಕಲ್ಲು ಬಿದ್ದ ದಿನ ಪ್ರಾರ್ಥನೆ ಮುಗಿಸಿ ಪೊಲೀಸ್ ಠಾಣೆಗೂ ಬನ್ನಿರಿ.

ಚಳವಳಿಯ ಸಂಗಾತಿಗಳಿಗೆ: ಬುದ್ಧನ ದಾರಿಯವರು, ಬಸವನ ದಾರಿಯವರು, ಯಾವ ದೇವರೂ ಬೇಡ ಅನ್ನುವವರು ಈ ಪೆಂಡಾಲಿನ ಕೆಳಗೆ ಕೂಡಿ ಕುಂತಿದ್ದೇವೆ. ಯೇಸುವಿನ ದಾರಿಯವನಿಗೂ ಚಾಪೆಯ ಮೇಲೆ ಜಾಗ ಬಿಡಿರಿ. ನಮ್ಮ ಮನೆಯ ಗೋಡೆಗೆ ಬಾಬಾಸಾಹೇಬರ ಫೋಟೋ, ಯೇಸುವಿನ ಫೋಟೋ ಎರಡೂ ಇವೆ. ಅವರಿಬ್ಬರೂ ಇವತ್ತಿನವರೆಗೆ ಜಗಳಾಡಿಲ್ಲ.

ಕೊನೆಗೆ ಒಂದು ಕೆಲಸ. ವಾರಕ್ಕೊಂದು ಸಂಜೆ ಕೇರಿಯಲ್ಲಿ ಕೂಡಿರಿ. ಒಂದು ಸತ್ಯವೇದ ಇರಲಿ. ಬಾಬಾಸಾಹೇಬರ ಬರಹಗಳು ಮತ್ತು ಭಾಷಣಗಳ ಕನ್ನಡ ಸಂಪುಟಗಳಲ್ಲಿ ಒಂದಿರಲಿ. ಇದರಲ್ಲಿ ಒಂದು ಅಧ್ಯಾಯ, ಅದರಲ್ಲಿ ನಾಲ್ಕು ಪುಟ. ಓದು ಬಂದ ಹುಡುಗ ಹುಡುಗಿಯರು ಗಟ್ಟಿಯಾಗಿ ಓದಲಿ. ಓದು ಬಾರದ ಅವ್ವಂದಿರು, ಆಯಿಯಂದಿರು ಮುಂದೆ ಕೂಡಲಿ, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು ಕೇಳಲಿ. ಅವರು ಕೇಳುವುದನ್ನು ಬರೆದಿಟ್ಟುಕೊಂಡು ಮುಂದಿನ ಸಭೆಗೆ ತನ್ನಿರಿ. ಪಾದ್ರಿಗಳೂ ಬರಲಿ, ಬೇಡ ಅನ್ನುವುದಿಲ್ಲ. ಹಿಂದೆ ಕುಂತು ಕೇಳಿಸಿಕೊಳ್ಳಲಿ.

ಜೈ ಭೀಮ್.